ಕಾವಲಿಯ ಮುಂದೆ ನಿಂತವರ ಹಕ್ಕು

ಮುಂಬೈಯಲ್ಲಿ ಹಳೆಯ ಉಡುಪಿ ಹೋಟೆಲೊಂದು ಬಾಗಿಲು ಹಾಕಿತೆಂಬ ಸುದ್ದಿ ಬಂದಾಗಲೆಲ್ಲ ಅದರ ಕೆಳಗೆ ಒಂದೇ ಬಗೆಯ ಮಾತುಗಳು ಸಾಲುಗಟ್ಟುತ್ತವೆ. ಅಜ್ಜ ಕಟ್ಟಿದ, ಅಪ್ಪ ಬೆಳೆಸಿದ, ಮೊಮ್ಮಕ್ಕಳಿಗೆ ಬೇಡವಾಯಿತು. ಓದಿ ದೊಡ್ಡವರಾದ ಮಕ್ಕಳಿಗೆ ಗಲ್ಲಾದಲ್ಲಿ ಕೂರಲು ನಾಚಿಕೆ. ಹೀಗೆ ಬರೆಯುವವರ ದುಃಖವನ್ನು ನಾನು ಅನುಮಾನಿಸುವುದಿಲ್ಲ. ಆ ಹೋಟೆಲಿನ ಬೆಂಚಿನ ಮೇಲೆ ಕೂತು ಅವರೂ ಇಡ್ಲಿ ತಿಂದು ಕಾಲೇಜಿಗೆ ಹೋದವರು. ಆದರೆ ಅವರು ಹೇಳುವ ಕಥೆಯಲ್ಲಿ ಮುಖ್ಯವಾದ ಒಬ್ಬ ಮನುಷ್ಯ, ಹೋಟೆಲಿನ ಕೆಲಸದವನು, ಕಾಣೆಯಾಗಿದ್ದಾನೆ. ಅವನ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಈಗ ನಮ್ಮ ಹೋಟೆಲನ್ನು ಅವನಿಗೆ ಬಿಟ್ಟುಕೊಡಬೇಕೇ ಎಂಬ ತೀರ್ಮಾನ ನಮ್ಮ ಮನೆಯಲ್ಲೇ ಆಗಬೇಕಿರುವುದರಿಂದ ಬರೆಯುತ್ತಿದ್ದೇನೆ.

ನಾನು ಅಂಥ ಒಂದು ಹೋಟೆಲಿನ ಮೂರನೆಯ ತಲೆಮಾರು. ಕಾರ್ಕಳದ ಕಡೆಯ ಒಂದು ಹಳ್ಳಿಯಿಂದ ಅಜ್ಜ ಹುಡುಗನಾಗಿದ್ದಾಗಲೇ ಮುಂಬೈ ಸೇರಿದರು. ಅಲ್ಲಿನ ಲಾಲ್‌ಬಾಗ್ ಹತ್ತಿರ, ಹಿಂದೆ ಬಟ್ಟೆ ಗಿರಣಿಗಳಿದ್ದ ಕಡೆ ನಮ್ಮ ಹೋಟೆಲು ಇವತ್ತಿಗೂ ನಡೆಯುತ್ತಿದೆ. ಅಜ್ಜನ ನಂತರ ಅಪ್ಪ ನೋಡಿಕೊಂಡರು. ನಾನು ಲೆಕ್ಕಪರಿಶೋಧಕಿ, ಹೋಟೆಲಿನ ಲೆಕ್ಕ ಹಲವು ವರ್ಷಗಳಿಂದ ನನ್ನ ಕೈಯಲ್ಲಿದೆ. ಹಾಗಾಗಿ ಭಾವನೆಯ ಜೊತೆಗೆ ಅಂಕಿಗಳೂ ನನಗೆ ಗೊತ್ತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯವರ ಹೋಟೆಲುಗಳು ನೂರು ವರ್ಷ ಬಾಳಿದ್ದು ಅಪ್ಪನ ನಂತರ ಮಗ ಕೂತದ್ದರಿಂದ ಮಾತ್ರವಲ್ಲ. ಧಣಿಯ ನಂತರ ಕೆಲಸದವನು ಕೂತದ್ದರಿಂದ. ತಟ್ಟೆ ತೊಳೆಯುತ್ತಿದ್ದ ಹುಡುಗ ಸಪ್ಲಾಯರ್ ಆದ, ಸಪ್ಲಾಯರ್ ಗಲ್ಲಾಕ್ಕೆ ಬಂದ, ಗಲ್ಲಾದಿಂದ ಪಾಲುದಾರನಾದ, ಆಮೇಲೆ ಬೇರೆ ರಸ್ತೆಯಲ್ಲಿ ತನ್ನದೇ ಬೋರ್ಡು ಹಾಕಿದ. ರಕ್ತಸಂಬಂಧದ ವಂಶಾವಳಿಯ ಪಕ್ಕದಲ್ಲೇ ಈ ಇನ್ನೊಂದು ವಂಶಾವಳಿ ಸದಾ ಬೆಳೆಯುತ್ತಿತ್ತು. ಹೋಟೆಲುಗಳು ಇಂದು ಮುಚ್ಚುತ್ತಿರುವುದಕ್ಕೆ ಮೊಮ್ಮಕ್ಕಳ ಓದು ಕಾರಣವೆನ್ನುವುದು ಸುಲಭ. ಆ ಎರಡನೆಯ ದಾರಿಗೆ ನಾವು ಬೇಲಿ ಹಾಕಿದ್ದೇ ಹೆಚ್ಚಿನ ಕಾರಣ ಎಂದು ನಾನು ನಂಬಿದ್ದೇನೆ.

ಇತಿಹಾಸವನ್ನು ನೋಡಿ. 1923ರಲ್ಲಿ ನೇತ್ರಾವತಿ ಉಕ್ಕಿ ದಕ್ಷಿಣ ಕನ್ನಡವನ್ನು ಮುಳುಗಿಸಿದ ಪ್ರವಾಹವನ್ನು ನಮ್ಮ ಕಡೆ ಇಂದಿಗೂ ಮಾರಿಬೊಳ್ಳ ಎನ್ನುತ್ತಾರೆ. ಆ ಕಾಲದಲ್ಲಿ ಊರು ಬಿಟ್ಟು ಮದ್ರಾಸು, ಮುಂಬೈ, ಬೆಂಗಳೂರು ಹಿಡಿದವರಲ್ಲಿ ಹೆಚ್ಚಿನವರ ಕೈಯಲ್ಲಿ ಬಂಡವಾಳವೆಂಬುದು ಇರಲಿಲ್ಲ. ಕಡಂದಲೆಯ ಕೃಷ್ಣರಾಯರು ಮದ್ರಾಸಿಗೆ ಹೋದದ್ದು ಅಡುಗೆಮನೆಯ ಚಿಲ್ಲರೆ ಕೆಲಸಕ್ಕೆ. ಅವರು ದುಡಿಯುತ್ತಿದ್ದ ಪುಟ್ಟ ಹೋಟೆಲನ್ನು ಅದರ ಧಣಿಯೇ ಅವರಿಗೆ ಕಂತಿನ ಮೇಲೆ ಬಿಟ್ಟುಕೊಟ್ಟರು. ಅಲ್ಲಿಂದ ಮೌಂಟ್ ರಸ್ತೆಯ ಉಡುಪಿ ಶ್ರೀಕೃಷ್ಣ ವಿಲಾಸ ಬಂತು, 1938ರಲ್ಲಿ ರಾಯಪೇಟೆಯ ವುಡ್‌ಲ್ಯಾಂಡ್ಸ್ ಬಂತು. ಜಗತ್ತಿನ ಎಷ್ಟೋ ಊರುಗಳಲ್ಲಿ ಇಂದು ವುಡ್‌ಲ್ಯಾಂಡ್ಸ್ ಎಂಬ ಬೋರ್ಡು ಕಾಣುತ್ತದಲ್ಲ, ಅದರ ಬೇರಿನಲ್ಲಿ ಒಬ್ಬ ಕೆಲಸದವನಿಗೆ ಅಂಗಡಿ ಬಿಟ್ಟುಕೊಟ್ಟ ಒಬ್ಬ ಧಣಿ ಇದ್ದಾನೆ. ಅವನ ಹೆಸರನ್ನು ಯಾರೂ ನೆನೆಯುವುದಿಲ್ಲ.

ಮುಂಬೈಯ ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರೂ ಬಾಲ್ಯದಲ್ಲೇ ಊರು ಬಿಟ್ಟು ಬೇರೆಯವರ ಅಡುಗೆಮನೆಗಳಲ್ಲಿ ದುಡಿದು ಕಲಿತವರು. ದೆಹಲಿಯಲ್ಲಿ ಸಾಗರ್ ರತ್ನ ಕಟ್ಟಿದ ಜಯರಾಮ ಬನಾನ್ ಅವರು ಕಾರ್ಕಳದಿಂದ 13ನೆಯ ವಯಸ್ಸಿನಲ್ಲಿ ಮನೆಬಿಟ್ಟು ಬಂದು, ಪನ್ವೇಲಿನ ಕ್ಯಾಂಟೀನೊಂದರಲ್ಲಿ ಪಾತ್ರೆ ತೊಳೆದು, 1986ರಲ್ಲಿ ಡಿಫೆನ್ಸ್ ಕಾಲೋನಿಯಲ್ಲಿ ಮೊದಲ ಹೋಟೆಲು ತೆರೆದರು. ಇವರಲ್ಲಿ ಯಾರೊಬ್ಬರೂ ಹೋಟೆಲನ್ನು ಅಪ್ಪನಿಂದ ಪಡೆಯಲಿಲ್ಲ.

ನನ್ನ ಅಜ್ಜನದೂ ಇದೇ ಕಥೆ, ಸಣ್ಣ ಪ್ರಮಾಣದಲ್ಲಿ. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅಜ್ಜನ ಕಾಲಕ್ಕೆ ಮಂಗಳೂರಿನಿಂದ ಹಡಗು ಹತ್ತಬೇಕಿತ್ತು. ಬಂದು ಸೇರಿದ್ದು ಉಡುಪಿ ಕಡೆಯ ರಾಯರೊಬ್ಬರ ಹೋಟೆಲಿಗೆ, ಕ್ಲೀನರ್ ಆಗಿ. ಸಂಬಳಕ್ಕಿಂತ ಊಟ ಮತ್ತು ಮಲಗಲು ಜಾಗ ಸಿಕ್ಕಿದ್ದೇ ದೊಡ್ಡದು. ಜಾಗ ಎಂದರೆ ಗಿರಾಕಿಗಳು ಹೋದಮೇಲೆ ಜೋಡಿಸಿದ ಎರಡು ಮೇಜು. ಒಳಗಿನ ಅಡುಗೆಮನೆಗೆ ಅಜ್ಜನಿಗೆ ಪ್ರವೇಶವಿರಲಿಲ್ಲ, ಅಲ್ಲಿ ಭಟ್ಟರು ಮಾತ್ರ. ನಾವು ಬಂಟರು, ಸೌಟು ಮುಟ್ಟುವ ಹಾಗಿರಲಿಲ್ಲ. ಇದನ್ನು ಮುಚ್ಚಿಟ್ಟು ಹಳೆಯ ಕಾಲವನ್ನು ಹೊಗಳಲು ನನ್ನಿಂದ ಆಗದು. ಆದರೂ ಅದೇ ರಾಯರು, ತಮ್ಮ ಎರಡನೆಯ ಅಂಗಡಿಯನ್ನು ನಡೆಸಲಾಗದೇ ಹೋದಾಗ, ಸ್ವಂತ ಜಾತಿಯವರನ್ನು ಹುಡುಕದೆ ಅಜ್ಜನನ್ನು ಕರೆದು ಕಂಡಕ್ಟಿಂಗಿಗೆ ಕೊಟ್ಟರು.

ಮುಂಬೈಯ ಹೊರಗಿನವರಿಗೆ ಈ ಕಂಡಕ್ಟಿಂಗ್ ಏನೆಂದು ಹೇಳಬೇಕು. ಅಂಗಡಿಯ ಹಕ್ಕು, ಪರವಾನಗಿ, ಬೋರ್ಡು ಎಲ್ಲ ಧಣಿಯ ಹೆಸರಿನಲ್ಲೇ ಇರುತ್ತವೆ. ನಡೆಸುವವನು ಒಂದು ಠೇವಣಿ ಇಟ್ಟು ತಿಂಗಳು ತಿಂಗಳು ಗೊತ್ತಾದ ಮೊತ್ತ ಕೊಡುತ್ತಾನೆ. ಉಳಿದ ಲಾಭ, ನಷ್ಟ, ತಲೆನೋವು ಅವನದು. ಬ್ಯಾಂಕು ಸಾಲ ಕೊಡದ, ಕೈಯಲ್ಲಿ ಆಸ್ತಿಪತ್ರವಿಲ್ಲದ ಮನುಷ್ಯನಿಗೆ ಧಣಿಯಾಗುವ ಮೊದಲ ಮೆಟ್ಟಿಲು ಅದು. ಅಜ್ಜನ ಹತ್ತಿರ ಠೇವಣಿಗೂ ಹಣವಿರಲಿಲ್ಲ. ರಾಯರು ಅದನ್ನು ತಿಂಗಳ ಲೆಕ್ಕದಲ್ಲಿ ಮುರಿದುಕೊಳ್ಳುತ್ತ ಹೋದರು. ಕೊನೆಗೆ ಅಂಗಡಿಯನ್ನೇ ಅಜ್ಜನಿಗೆ ಬಿಟ್ಟುಕೊಟ್ಟು ಊರಿಗೆ ಮರಳಿದರು. ರಾಯರ ಮಕ್ಕಳು ಆಗ ಓದುತ್ತಿದ್ದರು, ಮುಂದೆ ಒಳ್ಳೆಯ ಕೆಲಸಗಳಿಗೆ ಸೇರಿದರು. ಮಕ್ಕಳು ಹೋಟೆಲು ಕೈಬಿಟ್ಟರೆಂದು ಆಗ ಯಾರೂ ಅತ್ತ ಹಾಗಿಲ್ಲ. ಕುಟುಂಬ ಮುಂದಕ್ಕೆ ಹೋಯಿತು, ಹೋಟೆಲೂ ಮುಂದಕ್ಕೆ ಹೋಯಿತು.

ಈ ನಗರದಲ್ಲಿ ನಮಗಿಂತ ಮೊದಲು ಮೂಲೆಯ ಅಂಗಡಿಗಳು ಇರಾನಿಗಳವು. ಯಜ್ದ್, ಕೆರ್ಮಾನ್ ಪ್ರಾಂತ್ಯಗಳಿಂದ ಬಂದ ಝರತುಷ್ಟ್ರ ಧರ್ಮದವರು ಚಹಾ, ಬ್ರುನ್ ಎಂಬ ಗಟ್ಟಿ ಬ್ರೆಡ್ಡು, ಮಸ್ಕಾ ಎಂಬ ಬೆಣ್ಣೆ ಮಾರಿ ಮುಂಬೈಗೆ ಹೊರಗೆ ಕೂತು ತಿನ್ನುವುದನ್ನು ಕಲಿಸಿದರು. 1904ರ ಕಯಾನಿ, 1923ರ ಬ್ರಿಟಾನಿಯಾ ಇನ್ನೂ ಹೆಸರುಳಿಸಿಕೊಂಡಿವೆ. ಆದರೆ ನೂರಾರು ಇರಾನಿ ಕೆಫೆಗಳಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಅವರ ಮಕ್ಕಳು ವಕೀಲರೋ ವೈದ್ಯರೋ ಆದರು. ಆ ಮೂಲೆಗಳಲ್ಲಿ ಎಷ್ಟನ್ನೋ ಕೈಗೆ ತೆಗೆದುಕೊಂಡವರು ನಮ್ಮ ಶೆಟ್ಟರು. ಬೆಂಟ್‌ವುಡ್ ಕುರ್ಚಿ ಹೋಗಿ ಉಕ್ಕಿನ ಮೇಜು ಬಂತು, ಮಸ್ಕಾ ಹೋಗಿ ಮಸಾಲೆ ದೋಸೆ ಬಂತು. ಅಂದು ಆ ಜಾಗ ನಮ್ಮ ಪಾಲಿಗೆ ಬಂದಾಗ ಹೊರಗಿನವರ ಕೈಗೆ ಹೋಯಿತೆಂದು ನಮಗೆ ಅನ್ನಿಸಲಿಲ್ಲ. ಇವತ್ತು ನಮ್ಮ ಕೈಯಿಂದ ಇನ್ನೊಬ್ಬರಿಗೆ ಹೋಗುವ ಮಾತು ಬಂದಾಗ ಮಾತ್ರ ಹೊರಗಿನವರು ಎಂಬ ಪದ ನೆನಪಾಗುವುದು ನ್ಯಾಯವಲ್ಲ.

ಇನ್ನೊಂದು ವಿಷಯ ನಮ್ಮ ಬಂಟ ಕುಟುಂಬಗಳು ವಿಶೇಷವಾಗಿ ಯೋಚಿಸಬೇಕಾದ್ದು. ಮಗನೇ ವಾರಸುದಾರ ಎಂಬುದು ನಮ್ಮಲ್ಲಿ ಹಳೆಯ ಪದ್ಧತಿಯೇ ಅಲ್ಲ. ಅಳಿಯಸಂತಾನದಲ್ಲಿ ಕುಟುಂಬದ ಆಸ್ತಿ ಹೆಣ್ಣಿನ ಕಡೆಯಿಂದ, ಸೋದರಳಿಯನ ಕಡೆಗೆ ಸಾಗುತ್ತಿತ್ತು. 1949ರ ಮದ್ರಾಸ್ ಕಾಯ್ದೆ, ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅದು ಸಡಿಲವಾಯಿತು. ಅಜ್ಜ ಊರಿನಿಂದ ಮೊದಲು ಕರೆಸಿಕೊಂಡದ್ದು ತನ್ನ ಅಕ್ಕನ ಮಗನನ್ನು. ಅಪ್ಪ ಗಲ್ಲಾಕ್ಕೆ ಬಂದದ್ದು ಎಷ್ಟೋ ನಂತರ. ಎರಡು ತಲೆಮಾರಿನೊಳಗೆ ನಾವು ಆ ರೂಢಿಯನ್ನು ಮರೆತು, ಗಂಡುಮಗ ಬರದಿದ್ದರೆ ವಂಶದ ವ್ಯಾಪಾರ ಮುಗಿಯಿತು ಎಂದು ಮಾತಾಡತೊಡಗಿದೆವು. ಹೋಟೆಲಿನ ಪ್ರತಿಯೊಂದು ರಸೀದಿ ನನ್ನ ಕಣ್ಣಡಿಯಲ್ಲಿ ಹಾದುಹೋದರೂ, ನನ್ನನ್ನು ಗಲ್ಲಾದಲ್ಲಿ ಕೂರಿಸಬಹುದೆಂಬ ಯೋಚನೆ ಮನೆಯಲ್ಲಿ ಯಾರಿಗೂ ಬರಲಿಲ್ಲ. ಹೆಣ್ಣಿನಿಂದ ಕುಲ ಎಣಿಸುವ ಜನ ನಾವು! ಇದನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ, ಅಪ್ಪ ಓದುತ್ತಾರೆಂದು ಗೊತ್ತಿದ್ದೂ.

ಹಳೆಯ ಏಣಿಯ ಬಗ್ಗೆ ಮಾತಾಡುವಾಗ ಅದರ ಕೆಳಗಿನ ಮೆಟ್ಟಿಲಿನಲ್ಲಿ ಮಕ್ಕಳಿದ್ದರು ಎಂಬುದನ್ನೂ ಹೇಳಬೇಕು. ಹತ್ತು, ಹನ್ನೆರಡು ವರ್ಷದ ಹುಡುಗರು. ಬೆಳಗಿನ ಜಾವ ಎದ್ದು ರುಬ್ಬುವ ಕಲ್ಲಿನ ಮುಂದೆ ಕೂತವರು ರಾತ್ರಿ ಮೇಜು ಒರೆಸಿ ಮಲಗುವಾಗ ಹಗಲು ಹೇಗಿರುತ್ತದೆಂದೇ ಕಾಣದವರು. ಅವರಲ್ಲಿ ಕೆಲವರು ಮೇಲೆ ಬಂದರು. ಮೇಲೆ ಬಾರದವರ ಕಥೆಯನ್ನು ಯಾರೂ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸುವುದಿಲ್ಲ. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನವರನ್ನು ದುಡಿಸುವುದು ನಿಷಿದ್ಧವಾಯಿತು. ಆಗಬೇಕಾದದ್ದು ತಡವಾಗಿ ಆಯಿತು. ಹುಡುಗರು ಸಿಗುವುದಿಲ್ಲ, ಅದಕ್ಕೇ ಹೋಟೆಲು ನಡೆಯುವುದಿಲ್ಲ ಎಂದು ಗೊಣಗುವ ಹಿರಿಯರ ಜೊತೆ ನಾನಿಲ್ಲ.

ಆ ಕಾಲದ ನಿಜವಾದ ಒಳ್ಳೆಯತನ ಬೇರೆಡೆ ಇತ್ತು. ಕನ್ನಡ ರಾತ್ರಿ ಶಾಲೆಗಳಲ್ಲಿ. ಮೊಗವೀರರು, ಬಿಲ್ಲವರು, ಬಂಟರು ತಮ್ಮ ತಮ್ಮ ಸಂಘಗಳನ್ನು ಕಟ್ಟಿಕೊಂಡರು, ಫೋರ್ಟಿನಿಂದ ಹಿಡಿದು ಗಿರಣಿ ಪ್ರದೇಶದವರೆಗೆ ಹೋಟೆಲು ಹುಡುಗರಿಗಾಗಿ ರಾತ್ರಿ ಶಾಲೆಗಳು ನಡೆದವು. ಹಗಲು ಚಹಾ ಕೊಟ್ಟ ಕೈ ರಾತ್ರಿ ಸ್ಲೇಟು ಹಿಡಿಯಿತು. ಅಲ್ಲಿ ಮೆಟ್ರಿಕ್ ಮುಗಿಸಿ ಬ್ಯಾಂಕು ಸೇರಿದವರು, ವಕೀಲರಾದವರು, ಲೇಖಕರಾದವರು ಮುಂಬೈ ಕನ್ನಡಿಗರ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಅಜ್ಜನೂ ಸಹಿ ಹಾಕಲು ಕಲಿತದ್ದು ಅಂಥ ಶಾಲೆಯಲ್ಲಿ. ಧಣಿಗಳು ಹುಡುಗರನ್ನು ಎಂಟು ಗಂಟೆಗೆ ಬಿಡಬೇಕಾಗುತ್ತಿತ್ತು. ಕೆಲವರು ಬಿಟ್ಟರು, ಕೆಲವರು ಬಿಡಲಿಲ್ಲ. ಬಿಟ್ಟವರನ್ನು ನಾನು ದೊಡ್ಡ ಮನುಷ್ಯರೆಂದು ಎಣಿಸುತ್ತೇನೆ.

ಕಷ್ಟದ ವರ್ಷಗಳಲ್ಲಿ ಹೋಟೆಲನ್ನು ಉಳಿಸಿದವರು ಯಾರು ಎಂಬುದನ್ನೂ ನೆನಪಿಸಿಕೊಳ್ಳೋಣ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ವಿರುದ್ಧ ಎದ್ದ ಗಲಾಟೆಯಲ್ಲಿ ಉಡುಪಿ ಹೋಟೆಲುಗಳ ಗಾಜು ಒಡೆದವು. ಆಗ ಶಟರ್ ಎಳೆದು ಒಳಗೆ ಕೂತವರಲ್ಲಿ ಧಣಿಯೂ ಇದ್ದ, ಕ್ಲೀನರೂ ಇದ್ದ. 1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು, ಬಹಳಷ್ಟು ಜನ ಮತ್ತೆ ಒಳಗೆ ಹೋಗಲೇ ಇಲ್ಲ. ನಮ್ಮ ಗಿರಾಕಿಗಳೆಲ್ಲ ಅವರೇ. ಉದ್ರಿ ಪುಸ್ತಕದಲ್ಲಿ ಬರೆದ ಹಣ ಬರಲಿಲ್ಲ, ಅಜ್ಜ ಕೇಳಲೂ ಇಲ್ಲ. ಆ ವರ್ಷ ನಮ್ಮ ಭಟ್ಟರು ಮತ್ತು ಇಬ್ಬರು ಸಪ್ಲಾಯರ್‌ಗಳು ಸಂಬಳ ಮುಂದೂಡಿ ಕೆಲಸ ಮಾಡಿದರು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಅದು ಅವರು ಹೂಡಿದ ಬಂಡವಾಳ. ಅದಕ್ಕೆ ಪಾಲು ಕೊಟ್ಟ ದಾಖಲೆ ನಮ್ಮ ಪುಸ್ತಕಗಳಲ್ಲಿ ಇಲ್ಲ. ಈಗಿನ ನನ್ನ ಹಠದ ಹಿಂದೆ ಆ ಖಾಲಿ ಪುಟವೂ ಇದೆ.

ಇವತ್ತಿಗೆ ಬರುತ್ತೇನೆ. ನಮ್ಮ ಕಾವಲಿಯ ಮುಂದೆ ನಿಲ್ಲುವವರು ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯವರು. ಮುಂಬೈಯ ಎಷ್ಟೋ ಉಡುಪಿ ಹೋಟೆಲುಗಳ ಒಳಗೆ ಇಂದು ಉತ್ತರ ಪ್ರದೇಶ, ಜಾರ್ಖಂಡ್, ಒಡಿಶಾ, ನೇಪಾಳದವರೇ ಇರುವುದು. ಊರಿನಿಂದ ಹುಡುಗರು ಬರುವುದು ನಿಂತುಹೋಗಿ ಕಾಲವಾಯಿತು, ಅವರಿಗೆ ಊರಿನಲ್ಲೇ ಒಳ್ಳೆಯ ದಾರಿಗಳು ಸಿಕ್ಕಿವೆ. ನಮ್ಮ ಕಾವಲಿಯವರು ಬಂದಾಗ ಕ್ಲೀನರ್ ಆಗಿದ್ದರು. ಭಟ್ಟರು ಊರಿಗೆ ಹೋಗುವ ಮೊದಲು ಕೆಲಸ ಕಲಿಸಿದ್ದು ಇವರಿಗೆ. ಈಗ ತುಳು ಸರಾಗವಾಗಿ ಮಾತಾಡುತ್ತಾರೆ. ಅಪ್ಪನನ್ನು ಧಣಿ ಎನ್ನುತ್ತಾರೆ, ನನ್ನನ್ನು ಅಕ್ಕ ಎನ್ನುತ್ತಾರೆ. ಮುಂಬೈಯ ಮೇ ತಿಂಗಳ ಸೆಕೆಯಲ್ಲಿ ಹಿಟ್ಟು ಮಧ್ಯರಾತ್ರಿಯೊಳಗೆ ಹುಳಿಯಾಗಿಬಿಡುತ್ತದೆ, ಡಿಸೆಂಬರಿನಲ್ಲಿ ಬೆಳಗಾದರೂ ಮಲಗಿಯೇ ಇರುತ್ತದೆ. ಯಾವಾಗ ರುಬ್ಬಬೇಕು, ಉಪ್ಪನ್ನು ರಾತ್ರಿಯೇ ಹಾಕಬೇಕೋ ಬೆಳಿಗ್ಗೆಯೋ, ಹೊಸ ಮೂಟೆಯ ಅಕ್ಕಿ ಎಷ್ಟು ನೀರು ಕುಡಿಯುತ್ತದೆ ಎಂಬುದನ್ನು ಅವರು ಕೈ ಅದ್ದಿ ಹೇಳುತ್ತಾರೆ. ನಮ್ಮ ಮನೆಯಲ್ಲಿ ಯಾರಿಗೂ ಇದು ಗೊತ್ತಿಲ್ಲ. ಅಪ್ಪನಿಗೂ ಇಲ್ಲ. ಅಪ್ಪ ಗಲ್ಲಾದ ಮನುಷ್ಯ, ಗಿರಾಕಿಯ ಮುಖ ನೋಡಿ ಚಹಾ ಹೇಳುತ್ತಾರೆ, ಹಿಟ್ಟಿನ ತಂಟೆಗೆ ಹೋದವರಲ್ಲ.

ಹೀಗಿರುವಾಗ ಕುಟುಂಬದ ರುಚಿ, ಅಜ್ಜನ ಕೈರುಚಿ ಎಂದು ನಾವು ಹೇಳಿಕೊಳ್ಳುವುದರಲ್ಲಿ ಅರ್ಥವೇನು? ಅಜ್ಜನಿಗೆ ಸೌಟು ಹಿಡಿಯಲು ಬಿಟ್ಟಿರಲೇ ಇಲ್ಲವಲ್ಲ. ಆ ರುಚಿ ಭಟ್ಟರದು, ಭಟ್ಟರಿಂದ ಇವರದು.

ಅಪ್ಪನಿಗೆ ಮೊಣಕಾಲು ಶಸ್ತ್ರಚಿಕಿತ್ಸೆಯಾದ ಮೇಲೆ ಇಡೀ ದಿನ ಕೂರಲಾಗುವುದಿಲ್ಲ. ತಮ್ಮ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಬರುವುದಿಲ್ಲವೆಂದು ನೇರವಾಗಿ ಹೇಳಿದ್ದಾನೆ. ಅವನ ಮೇಲೆ ಯಾರೂ ಒತ್ತಡ ಹಾಕಬಾರದು, ತಟ್ಟೆ ತೊಳೆದ ಅಜ್ಜನ ಆಸೆ ಮೊಮ್ಮಗ ಓದಲಿ ಎಂಬುದೇ ಆಗಿತ್ತು. ಈ ನಡುವೆ ಔಷಧಿ ಅಂಗಡಿಯವರಿಂದ ಬಾಡಿಗೆಯ ಪ್ರಸ್ತಾಪ ಬಂದಿದೆ. ಮೊತ್ತ ದೊಡ್ಡದು, ತಲೆನೋವಿಲ್ಲ. ದೊಡ್ಡಪ್ಪನ ಮಕ್ಕಳಿಗೆ ಅದೇ ಸರಿಯೆನಿಸಿದೆ. ಅದು ತಪ್ಪೆಂದು ಹೇಳಲು ನಾನು ಹೊರಟಿಲ್ಲ, ಅವರಿಗೂ ಮನೆಸಾಲಗಳಿವೆ. ಆದರೆ ಮುಚ್ಚಿದ ಮರುದಿನ ಇದೇ ಮನೆಯವರು ಹಳೆಯ ಬೋರ್ಡಿನ ಚಿತ್ರ ಹಾಕಿ, ಪರಂಪರೆ ಕೊನೆಗೊಂಡಿತು, ಕೆಲಸಕ್ಕೆ ಜನ ಸಿಗಲಿಲ್ಲ ಎಂದು ಬರೆದರೆ ನಾನು ಸುಮ್ಮನಿರಲಾರೆ. ಜನ ಇದ್ದಾರೆ. ಒಳಗೇ ಇದ್ದಾರೆ.

ನನ್ನ ಪ್ರಸ್ತಾಪ ಹೊಸದೇನಲ್ಲ. ಅಂದು ರಾಯರು ಅಜ್ಜನಿಗೆ ಕೊಟ್ಟ ಹಾಗೆಯೇ ಇವರಿಗೆ ಕಂಡಕ್ಟಿಂಗ್ ಕೊಡೋಣ. ಠೇವಣಿ ಅವರ ಕೈಗೆಟುಕುವಷ್ಟಿರಲಿ, ಉಳಿದದ್ದು ತಿಂಗಳ ಲೆಕ್ಕದಲ್ಲಿ ಸೇರಲಿ. ತಿಂಗಳ ಮೊತ್ತದಲ್ಲಿ ಒಂದು ಭಾಗವನ್ನು ಅಂಗಡಿಯ ಹಕ್ಕಿನ ಕಂತಾಗಿ ಹಿಡಿದು, ಇಷ್ಟು ವರ್ಷಕ್ಕೆ ಹಕ್ಕು ಅವರಿಗೆ ಹೋಗಬೇಕೆಂದು ಕಾಗದದಲ್ಲೇ ಬರೆಯೋಣ. ಔಷಧಿ ಅಂಗಡಿಯ ಬಾಡಿಗೆಗಿಂತ ಇದು ಕಡಿಮೆ ಎಂಬುದನ್ನು ನಾನೇ ಲೆಕ್ಕ ಹಾಕಿ ಮನೆಯವರಿಗೆ ಕಳುಹಿಸಿದ್ದೇನೆ. ವ್ಯತ್ಯಾಸದಲ್ಲಿ ನನ್ನ ಪಾಲಿಗೆ ಬರುವ ನಷ್ಟವನ್ನು ನಾನು ಒಪ್ಪಿಕೊಂಡಿದ್ದೇನೆ. ಬೇರೆಯವರ ಪಾಲಿನ ಬಗ್ಗೆ ನಾನು ನಿರ್ಧರಿಸಲಾರೆ, ಕೇಳಿಕೊಳ್ಳಬಲ್ಲೆ ಅಷ್ಟೆ.

ಮನೆಯಲ್ಲಿ ಬಂದ ಆಕ್ಷೇಪಗಳಲ್ಲಿ ಒಂದು ಮಾತ್ರ ನನ್ನನ್ನು ಕೆಣಕಿತು. ಭಯ್ಯಾ (ಉತ್ತರದವರನ್ನು ಇಲ್ಲಿ ಕರೆಯುವ ಹೆಸರು) ನಡೆಸಿದರೆ ಅದು ಉಡುಪಿ ಹೋಟೆಲು ಹೇಗಾದೀತು ಎಂದರು. ನಮ್ಮ ಮೆನುವನ್ನೇ ನೋಡಿ. ಶೆಜ್ವಾನ್ ದೋಸೆ ಇದೆ, ಪಾವ್ ಭಾಜಿ ಇದೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನ್ ಸಾಂಬಾರ್ ಇದೆ, ರೈಸ್ ಪ್ಲೇಟಿನಲ್ಲಿ ಚಪಾತಿ ಇದೆ. ಎಷ್ಟೋ ಶೆಟ್ಟರ ಹೋಟೆಲುಗಳ ಮಹಡಿಯಲ್ಲಿ ಮದ್ಯ ಮಾರುವ ಪರ್ಮಿಟ್ ರೂಮ್ ಬಂತು, ಆಗ ಉಡುಪಿಗೆ ಏನೂ ಆಗಲಿಲ್ಲ. ಒಮ್ಮೆ ಭಟ್ಟರಲ್ಲದವರು ಒಲೆ ಮುಟ್ಟಿದರೆ ಹೋಟೆಲು ಕೆಟ್ಟಿತು ಎನ್ನುತ್ತಿದ್ದರು. ಆ ಗೆರೆಯನ್ನು ಅಳಿಸಿಯೇ ನಾವು ಬಂಟರು, ಬಿಲ್ಲವರು, ಮೊಗವೀರರು ಈ ಊರಿನಲ್ಲಿ ಧಣಿಗಳಾದೆವು. ಅಳಿಸಿದ ಗೆರೆಯನ್ನು ನಮ್ಮ ಬೆನ್ನ ಹಿಂದೆ ಮತ್ತೆ ಎಳೆಯುವ ಹಕ್ಕು ನಮಗಿಲ್ಲ. ಭಯ್ಯಾ ಎಂಬ ಆ ಪದವನ್ನು ಯಾವ ದನಿಯಲ್ಲಿ ಹೇಳುತ್ತಾರೋ, 1960ರ ದಶಕದಲ್ಲಿ ನಮ್ಮ ಅಜ್ಜನನ್ನು ಮದ್ರಾಸಿ ಎಂದು ಕರೆದ ದನಿಯೂ ಅದೇ.

ಉಳಿದ ಆಕ್ಷೇಪಗಳಿಗೆ ಕಾಗದದಲ್ಲಿ ಉತ್ತರವಿದೆ. ಮೋಸ ಮಾಡಿದರೆ ಎನ್ನುವುದಕ್ಕೆ ಕರಾರು ಇದೆ, ತಿಂಗಳ ಲೆಕ್ಕ ನೋಡಲು ನಾನಿದ್ದೇನೆ. ಆಹಾರ ಪರವಾನಗಿಯನ್ನು ಅವರ ಹೆಸರಿನಲ್ಲಿ ಹೊಸದಾಗಿ ಪಡೆಯಬೇಕು, ಅದು ಕಷ್ಟವಲ್ಲ. ನಿಜವಾದ ತೊಡಕು ಪಗಡಿ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಸಣ್ಣ ಬಾಡಿಗೆಗೆ ಹಿಡಿದ ಜಾಗದ ಹಕ್ಕು. ನಮ್ಮದು ಹಳೆಯ ಪಗಡಿ ಜಾಗವಾದ್ದರಿಂದ ಹಕ್ಕು ವರ್ಗವಾಗಬೇಕಾದರೆ ಕಟ್ಟಡದ ಮಾಲೀಕರ ಒಪ್ಪಿಗೆ ಬೇಕು, ಅವರಿಗೂ ಒಂದು ಪಾಲು ಹೋಗಬೇಕು. ಆ ಪಾಲನ್ನು ಯಾರು ಕೊಡಬೇಕು ಎಂಬಲ್ಲಿ ಮಾತು ನಿಂತಿದೆ. ನಾವೇ ಕೊಡಬೇಕೆಂಬುದು ನನ್ನ ಪಟ್ಟು. 1982ರಲ್ಲಿ ಸಂಬಳ ಮುಂದೂಡಿದವರಿಗೆ ಕೊಡದೆ ಉಳಿಸಿಕೊಂಡ ಪಾಲು ಅದಕ್ಕೆ ಸರಿಹೋಗಲಿ.

ಬೋರ್ಡಿನ ಮೇಲೆ ಅಜ್ಜನ ಕುಲದೈವದ ಹೆಸರಿದೆ. ಅದನ್ನು ಇಟ್ಟುಕೊಳ್ಳುತ್ತಾರೋ, ತಮ್ಮ ಊರಿನ ದೇವರ ಹೆಸರು ಹಾಕುತ್ತಾರೋ ಎಂಬುದನ್ನು ಕರಾರಿನಲ್ಲಿ ಸೇರಿಸಬಾರದೆಂದು ಅಪ್ಪನೇ ಹೇಳಿದರು. ಅಷ್ಟರ ಮಟ್ಟಿಗೆ ಅವರು ನನ್ನ ಕಡೆ ಬಂದಿದ್ದಾರೆ.

ಗಣೇಶ ಚೌತಿಗೆ ಎಲ್ಲರೂ ಊರಿನಲ್ಲಿ ಸೇರುತ್ತೇವೆ, ಮಾತು ಅಲ್ಲಿ ಮುಗಿಯಬೇಕು. ಅದಕ್ಕೆ ಮುಂಚೆ ಮುಂಬೈ, ಪುಣೆ, ಠಾಣೆಯ ಹೋಟೆಲು ಕುಟುಂಬಗಳವರಲ್ಲಿ ಒಂದು ವಿನಂತಿ. ಕಂಡಕ್ಟಿಂಗ್ ಪಡೆದವರಿಗೇ ಕೊನೆಗೆ ಹಕ್ಕನ್ನೂ ಬರೆದುಕೊಟ್ಟವರು ನಿಮ್ಮಲ್ಲಿ ಇದ್ದರೆ, ಪಗಡಿಯ ವರ್ಗಾವಣೆಯನ್ನು ಹೇಗೆ ಮಾಡಿಕೊಂಡಿರಿ, ಕಂತುಗಳನ್ನು ಕರಾರಿನಲ್ಲಿ ಹೇಗೆ ಬರೆಸಿದಿರಿ ಎಂದು ತಿಳಿಸಿ. ಊರಿನವರಲ್ಲದ ಕೆಲಸಗಾರರಿಗೆ ಹೀಗೆ ಕೊಟ್ಟವರಿದ್ದರೆ ದಯವಿಟ್ಟು ತಪ್ಪದೆ ಬರೆಯಿರಿ. ನಮ್ಮ ಮನೆಯ ಹಿರಿಯರಿಗೆ ಒಬ್ಬರ ಹೆಸರನ್ನಾದರೂ ಹೇಳಿ ತೋರಿಸಬೇಕಾಗಿದೆ.